ಒಂದು ರಾತ್ರಿ ತೂಗಿದ ಮಾಂಸ

ಯೂರೋಪಿಗೆ ಒಳ್ಳೆಯ ಬೀಫ್ ಕಳಿಸುವ ದಾರಿ ಯಾವುದು ಎಂದು ನಮ್ಮ ಯೆರವಡಾದ ಎಳೆಯ ವ್ಯಾಪಾರಿಯೊಬ್ಬರು ಕೇಳಿದ್ದಾರೆ. ಸದ್ಯಕ್ಕೆ ದಾರಿಯಿಲ್ಲ. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧವಿದೆ; ಉಳಿದದ್ದು ಎಮ್ಮೆ, ಕೋಣ. ದೇಶದ ಗಡಿ ದಾಟಲು ಅನುಮತಿ ಇರುವುದೂ ಎಲುಬು ತೆಗೆದ ಎಮ್ಮೆ ಮಾಂಸಕ್ಕೇ. ಅದು ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟ್‌ಗಳಿಗೆ ಹೋಗುತ್ತದೆ. ಕಾಲುಬಾಯಿ ಜ್ವರ ಇರುವ ದೇಶವೆಂದು ಐರೋಪ್ಯ ಒಕ್ಕೂಟ ನಮಗೆ ಬಾಗಿಲು ತೆರೆದಿಲ್ಲ.

ಆ ಭಯಕ್ಕೆ ಕಾರಣವಿದೆ. 2001ರಲ್ಲಿ ಬ್ರಿಟನ್ನಿಗೆ ಈ ರೋಗ ಹೊಕ್ಕಾಗ 60 ಲಕ್ಷಕ್ಕೂ ಹೆಚ್ಚು ಕುರಿ, ದನ, ಹಂದಿಗಳನ್ನು ಕೊಲ್ಲಬೇಕಾಯಿತು. ನಮ್ಮಲ್ಲಿ 2019ರಲ್ಲಿ ದೇಶವ್ಯಾಪಿ ಲಸಿಕೆ ಶುರುವಾಗಿದೆ, ಕಿವಿಗೆ 12 ಅಂಕಿಯ ಹಳದಿ ಓಲೆ ಬಿದ್ದಿದೆ. 2030ರೊಳಗೆ ರೋಗ ತೊಲಗಿಸುವ ಗುರಿಯಿದೆ. ಈ ವಾರ ಅದನ್ನೇ ಬರೆಯಬೇಕೆಂದಿದ್ದೆ. ಆದರೆ ಕಾಲುಬಾಯಿ ಜ್ವರವಿರುವ ದೇಶಗಳ ಮಾಂಸಕ್ಕೆ ಹಾಕಿರುವ ಅಂತರರಾಷ್ಟ್ರೀಯ ನಿಯಮವೊಂದು ನನ್ನ ಹಳೆಯ ಜಗಳವನ್ನು ಕೆದಕಿತು.

ಕಡಿದ ಪ್ರಾಣಿಯ ದೇಹವನ್ನು 2 ಡಿಗ್ರಿಗಿಂತ ಮೇಲಿನ ತಂಪಿನಲ್ಲಿ ಕನಿಷ್ಠ 24 ಗಂಟೆ ತೂಗುಹಾಕಬೇಕು. ಬೆನ್ನಿನ ಉದ್ದ ಸ್ನಾಯುವಿನ ನಡುವೆ ಪಿಎಚ್ 6ಕ್ಕಿಂತ ಕೆಳಗಿಳಿದಿರಬೇಕು. ಆಮೇಲೆ ಎಲುಬು, ದುಗ್ಧಗ್ರಂಥಿಗಳನ್ನು ಬಿಡಿಸಬೇಕು. ಸ್ನಾಯುವಿನ ಸಕ್ಕರೆ ಲ್ಯಾಕ್ಟಿಕ್ ಆಮ್ಲವಾಗುತ್ತದೆ, ಆ ಹುಳಿಗೆ ವೈರಾಣು ಸಾಯುತ್ತದೆ. ಗ್ರಂಥಿ, ಮಜ್ಜೆಗಳಲ್ಲಿ ಅಷ್ಟು ಹುಳಿ ಹುಟ್ಟುವುದಿಲ್ಲ. ಅದಕ್ಕೇ ಅವುಗಳನ್ನು ತೆಗೆಯುವುದು.

ರುಚಿ ಬಲ್ಲವರು ಬೇಡುವುದೂ ಇದೇ ರಾತ್ರಿಯನ್ನು! ಸತ್ತ ಕೆಲವೇ ಗಂಟೆಗಳಲ್ಲಿ ಸ್ನಾಯು ಸೆಟೆಯುತ್ತದೆ. ತಂಪಿನಲ್ಲಿ ತೂಗಿಟ್ಟರೆ ಅದರೊಳಗಿನ ಕಿಣ್ವಗಳೇ ಎಳೆಗಳನ್ನು ನಿಧಾನಕ್ಕೆ ಬಿಡಿಸುತ್ತವೆ. ಬೆಳಿಗ್ಗೆ ಕಡಿದದ್ದು ಮಧ್ಯಾಹ್ನದೊಳಗೆ ಒಲೆಯ ಮೇಲಿರಬೇಕು, ಇಲ್ಲವಾದರೆ ಅದು ತಾಜಾ ಅಲ್ಲ ಎನ್ನುವವರು ಸರಿಯಾಗಿ ಸೆಟೆದ ಹೊತ್ತಿಗೇ ಅದನ್ನು ಪಾತ್ರೆಗೆ ಹಾಕಿ, ಕುಕ್ಕರಿನ ಮೇಲೆ ಸೀಟಿ ಹೊಡೆಸಿ, ಎಮ್ಮೆ ಮಾಂಸ ನಾರುನಾರು ಎಂದು ದೂರುತ್ತಾರೆ. ಶೀತಲಗೃಹವಿಲ್ಲದ ಕಾಲಕ್ಕೆ ಆ ಆತುರ ಸರಿ. ಇಂದು ಅದನ್ನು ಶುದ್ಧತೆಯ ಲಕ್ಷಣ ಎನ್ನುವುದನ್ನು ನಾನು ಒಪ್ಪಲಾರೆ. ಹಡಗಿಗೆ ಏರುವ ಮಾಂಸಕ್ಕೆ ಸಿಗುವ ಒಂದು ರಾತ್ರಿ ಊರಿನವರ ಮಾಂಸಕ್ಕೆ ಏಕಿಲ್ಲ?

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ನನಗೆ ಪ್ರಿಯವಾದ ಗ್ರಂಥ. 12ನೇ ಶತಮಾನದ ಆ ದೊರೆ ಅನ್ನಭೋಗದ ಭಾಗದಲ್ಲಿ ಹಂದಿಯನ್ನು ಹೇಗೆ ಸಿದ್ಧಮಾಡಬೇಕೆಂದು ಹೇಳುತ್ತಾನೆ: ಬಿಳಿ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ಕಿತ್ತುಹಾಕುವುದು ಒಂದು ಬಗೆ, ಹುಲ್ಲಿನ ಬೆಂಕಿಯಲ್ಲಿ ಸುಡುವುದು ಇನ್ನೊಂದು. ಮಸಾಲೆಗೆ ಮೊದಲಿನ ಕೆಲಸಕ್ಕೆ ಅರಸನೊಬ್ಬ ಕೊಟ್ಟ ಗಮನ ಅದು.

ಆದ್ದರಿಂದ ಆ ವ್ಯಾಪಾರಿಗೆ ನಾನು ಹೇಳುವುದಿಷ್ಟು. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಮೊದಲು ಲಾರಿಯನ್ನು ನೋಡಿ. ಇಕ್ಕಟ್ಟಿನಲ್ಲಿ ನಿಂತು, ನೀರಿಲ್ಲದೆ, ಬೆದರಿ ಬಂದ ಕೋಣ ತನ್ನ ಸ್ನಾಯುವಿನ ಸಕ್ಕರೆಯನ್ನೆಲ್ಲ ದಾರಿಯಲ್ಲೇ ಖರ್ಚುಮಾಡಿರುತ್ತದೆ. ಮತ್ತೆ ಹುಳಿ ಎಲ್ಲಿಂದ ಬರಬೇಕು? 24 ಗಂಟೆ ತೂಗಿಹಾಕಿದರೂ ಪಿಎಚ್ ಇಳಿಯುವುದಿಲ್ಲ. ಮಾಂಸ ಕಪ್ಪಾಗಿ ಅಂಟಂಟಾಗುತ್ತದೆ, ಬೇಗ ಕೆಡುತ್ತದೆ, ಪರೀಕ್ಷೆಯಲ್ಲೂ ಬೀಳುತ್ತದೆ. ಕೊಟ್ಟಿಗೆಯಲ್ಲಿ ನೀರು, ನೆರಳು, ಸಾಕಷ್ಟು ವಿಶ್ರಾಂತಿ ಕೊಡುವ ಕಡೆಯಿಂದಲೇ ಮಾಲು ಕೊಳ್ಳಿ, ಬೆಲೆ ಎರಡು ಕಾಸು ಹೆಚ್ಚಾದರೂ ಸರಿ.