ಉಪಚಾರಕನ ಪರದೆ: ದರ್ಶನ, ಸ್ಪರ್ಶನ, ಪ್ರಶ್ನೆ

ಅಂತರ್ಜಾಲದ ಮೂಲಕ ಅನೇಕರು ಒಟ್ಟಾಗಿ ಆಡುವ ಯುದ್ಧದ ಆಟಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪಾತ್ರಗಳುಂಟು. ಶತ್ರುವಿನ ಪೆಟ್ಟನ್ನು ಮುಂದೆ ನಿಂತು ತಡೆಯುವವನೊಬ್ಬ. ಶತ್ರುವನ್ನು ಹೊಡೆಯುವವನು ಮತ್ತೊಬ್ಬ. ಪೆಟ್ಟು ತಿಂದ ಜೊತೆಗಾರರ ಗಾಯವನ್ನು ಮಾಯಿಸಿ ಅವರನ್ನು ಉಳಿಸುವವನು ಇನ್ನೊಬ್ಬ. ಈ ಮೂರನೆಯವನನ್ನು ಆಟಗಾರರು ಹೀಲರ್ ಎನ್ನುತ್ತಾರೆ. ನಾವು ಉಪಚಾರಕ ಎಂದು ಕರೆಯುತ್ತೇವೆ. ಹಾಗೆಯೇ ಅವರು ಹೆಲ್ತ್ ಬಾರ್ ಎನ್ನುವುದನ್ನು ಇಲ್ಲಿ ಜೀವಪಟ್ಟಿ ಎಂದು ಕರೆದಿದ್ದೇವೆ. ಉಪಚಾರಕನ ಎದುರಿನ ಪರದೆಯನ್ನು ಹೇಗೆ ಅಣಿಗೊಳಿಸಬೇಕು, ಯಾವುದನ್ನು ಎಲ್ಲಿಡಬೇಕು, ಯಾವುದನ್ನು ಕೈಬಿಡಬೇಕು ಎಂಬ ವಿಷಯ ಇಪ್ಪತ್ತು ವರ್ಷಗಳಿಗೂ ಮೀರಿ ಆಟಗಾರರ ಚರ್ಚೆಗೆ ಒಳಗಾಗಿದೆ. ಆ ಚರ್ಚೆ ಬಹುಮಟ್ಟಿಗೆ ಸಲಕರಣೆಗಳನ್ನು ಕುರಿತದ್ದು. ವಿಮರ್ಶೆಯ ದೃಷ್ಟಿಯಿಂದ ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಾಹಿತ್ಯವನ್ನು ಓದಿಸುವವರಿಗೆ ಆಟದ ಪರದೆಯ ಗೊಡವೆ ಏಕೆ ಎಂಬ ಆಕ್ಷೇಪಣೆ ಇಲ್ಲಿ ಬರಬಹುದು. ಇದಕ್ಕೆ ಉತ್ತರ ಸರಳವಾಗಿದೆ. ಪರದೆಯೂ ಒಂದು ರಚನೆ. ಮಿತವಾದ ಸ್ಥಳದಲ್ಲಿ, ಮಿತವಾದ ಕಾಲದಲ್ಲಿ, ಆರಿಸಿದ ಸಂಕೇತಗಳಿಂದ ಅರ್ಥವನ್ನು ಮುಟ್ಟಿಸಬೇಕಾದ ಹೊಣೆ ಅದಕ್ಕಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಸಾರಿದನು. ಎಷ್ಟೇ ಬೆಲೆಬಾಳುವ ಆಭರಣವಾದರೂ ತನ್ನ ಸ್ಥಾನವನ್ನು ಬಿಟ್ಟರೆ ನಗೆಪಾಟಲಾಗುತ್ತದೆ ಎಂಬುದು ಅವನ ವಾದ. ಉಪಚಾರಕನ ಪರದೆಯನ್ನು ಕುರಿತು ಇದಕ್ಕಿಂತ ಹತ್ತಿರದ ಮಾತು ಬೇರೊಂದಿರಲಾರದು.

ಆದರೆ ಔಚಿತ್ಯವು ಯಾವುದಕ್ಕೆ ಉಚಿತ ಎಂಬ ಪ್ರಶ್ನೆಯನ್ನು ಕೇಳುತ್ತದೆ. ಉಪಚಾರವೆಂದರೇನು ಎಂಬುದು ತಿಳಿಯದೆ ಉಪಚಾರಕನ ಪರದೆಯ ಗುಣದೋಷಗಳನ್ನು ಹೇಳಲಾಗದು. ಈ ತಿಳಿವಳಿಕೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ನಂಜನಗೂಡು ಕಾಯಿಲೆಯವರು ಹರಕೆ ಹೊತ್ತು ಬರುವ ಕ್ಷೇತ್ರ. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ಇಲ್ಲಿ ವಾಸಿಯಾಯಿತೆಂದೂ, ಅಂದಿನಿಂದ ಅವನು ಈ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂದೂ ಪ್ರತೀತಿಯುಂಟು. ಅದೇ ಊರಿನಲ್ಲಿ ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ನಂಜನಗೂಡಿನ ಹಲ್ಲುಪುಡಿ ನಾಡಿಗೆಲ್ಲ ಪರಿಚಿತವಾದದ್ದು ಅಲ್ಲಿಂದ. ಇಂತಹ ಶಾಲೆಗಳಿಗೆ ಆಧಾರವಾದ ಆಯುರ್ವೇದದಲ್ಲಿ ರೋಗಿಯ ಪರೀಕ್ಷೆ ಮೂರು ಬಗೆ: ದರ್ಶನ, ಸ್ಪರ್ಶನ, ಪ್ರಶ್ನೆ. ನೋಡುವುದು, ಮುಟ್ಟುವುದು, ಕೇಳುವುದು. ಈ ಮೂರನ್ನು ಅಳತೆಗೋಲಾಗಿ ಇಟ್ಟುಕೊಂಡರೆ ನಮ್ಮ ವಿಷಯ ತಾನಾಗಿಯೇ ಮೂರು ಭಾಗವಾಗುತ್ತದೆ.

ಮೊದಲು ದರ್ಶನ. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಎಂಬ ಆಟದಲ್ಲಿ ಉಪಚಾರಕನು ಕುಂದಿದ ಮಂತ್ರಶಕ್ತಿಯನ್ನು ಮರಳಿ ಪಡೆಯಲು ಕುಳಿತುಕೊಳ್ಳಬೇಕಾಗಿತ್ತು. ಆಗ, ಕೆಳಗಿನ ಹಂತಗಳಲ್ಲಿ, ಮಂತ್ರದ ಪುಸ್ತಕ ತೆರೆದುಕೊಂಡು ರಣರಂಗವನ್ನೇ ಮರೆಮಾಡುತ್ತಿತ್ತು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ದೊಡ್ಡ ಕಾಳಗಗಳಿಗೆ ನಲವತ್ತು ಮಂದಿ, ಐದೈದು ಜನರ ಎಂಟು ಗುಂಪುಗಳಾಗಿ ಸೇರುತ್ತಿದ್ದರು. ನಲವತ್ತು ಜೀವಗಳ ಏರಿಳಿತವನ್ನು ಒಬ್ಬನ ಕಣ್ಣಿಗೆ ಏಕಕಾಲದಲ್ಲಿ ತೋರಿಸುವುದು ಹೇಗೆ? ಆಟವು ತಾನಾಗಿ ಕೊಟ್ಟ ಪರದೆ ಇದಕ್ಕೆ ಸಾಲದೆ ಹೋದಾಗ ಆಟಗಾರರೇ ಲೂವಾ ಎಂಬ ಗಣಕಭಾಷೆಯಲ್ಲಿ ಆಡ್‌ಆನ್‌ಗಳನ್ನು ಬರೆದುಕೊಂಡರು. ಅವುಗಳಲ್ಲಿ ಗ್ರಿಡ್ ಎಂಬುದು ಪ್ರತಿಯೊಬ್ಬ ಜೊತೆಗಾರನನ್ನು ಒಂದು ಸಣ್ಣ ಚೌಕವಾಗಿ ಮಾಡಿ, ಅಂಚಿನ ಬಣ್ಣದಿಂದಲೂ ಮೂಲೆಯ ಚುಕ್ಕೆಗಳಿಂದಲೂ ಅವನ ಸ್ಥಿತಿಯನ್ನು ಸೂಚಿಸಿತು. ಮಿತಾಕ್ಷರದಲ್ಲಿ ಅಪಾರವನ್ನು ಹೇಳುವ ಸೂತ್ರಶೈಲಿಗೆ ಇದನ್ನು ಹೋಲಿಸಬಹುದು.

ಇಂತಹ ಚೌಕಗಳನ್ನು ಜೋಡಿಸುವಲ್ಲಿ ಅನುಭವಿಗಳು ಪಾಲಿಸುವ ಕ್ರಮಗಳನ್ನು ನೋಡಿದರೆ ಅವೆಲ್ಲವೂ ಔಚಿತ್ಯದ ನಿಯಮಗಳೇ ಎಂಬುದು ಸ್ಪಷ್ಟವಾಗುತ್ತದೆ. ಪಟ್ಟಿಗಳನ್ನು ಪರದೆಯ ಮೂಲೆಗೆ ತಳ್ಳದೆ, ನಡುವಿಗೆ ಸಮೀಪವಾಗಿ, ತನ್ನ ಪಾತ್ರದ ಕೆಳಗೋ ಪಕ್ಕದಲ್ಲೋ ಇಡುವುದು ಮೊದಲನೆಯದು. ತಾನು ನೀಗಿಸಬಲ್ಲ ವಿಷ, ಶಾಪ, ರೋಗಗಳನ್ನು ಮಾತ್ರ ತೋರಿಸಿ ಉಳಿದವನ್ನು ಮರೆಮಾಡುವುದು ಎರಡನೆಯದು. ಬಣ್ಣವೊಂದನ್ನೇ ನೆಚ್ಚದೆ ಆಕಾರವನ್ನೂ ಸ್ಥಾನವನ್ನೂ ಬಳಸುವುದು ಮೂರನೆಯದು. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣುಗಳಿಗೆ ಕೇವಲ ಬಣ್ಣದ ಸೂಚನೆ ವ್ಯರ್ಥ. ಕನ್ನಡದ ವಿದ್ಯಾರ್ಥಿಗೆ ಈ ಮೂರನೆಯ ನಿಯಮದಲ್ಲಿ ಇನ್ನೊಂದು ಸ್ವಾರಸ್ಯವಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ದೊರೆಯುವ ಭಾಷೆಗಳಲ್ಲಿ ಕನ್ನಡ ಸೇರಿಲ್ಲ. ಆದ್ದರಿಂದ ನಮ್ಮವನು ಬೇನೆಯ ಹೆಸರನ್ನು ತನ್ನ ನುಡಿಯಲ್ಲಿ ಓದಲಾರನು; ಚಿಹ್ನೆಯಿಂದ ಗುರುತಿಸುತ್ತಾನೆ. ಅವನಿಗೆ ಚಿಹ್ನೆಯೇ ನಾಮಪದ.

ಆದರೂ ದರ್ಶನಕ್ಕೆ ಒಂದು ದೊಡ್ಡ ಅಪಾಯವುಂಟು. ನಂಜನಗೂಡಿನ ಪಂಚಮಹಾರಥೋತ್ಸವವನ್ನು ಕಂಡವರು ತೇರಿನ ಗಾಲಿಗೆ ಅಡ್ಡಮರ ಕೊಡುವವರನ್ನು ಗಮನಿಸಿರಬಹುದು. ಸಾವಿರಾರು ಜನ ತಲೆಯೆತ್ತಿ ದೇವರನ್ನು ನೋಡುತ್ತಿರುವಾಗ ಅವರ ದೃಷ್ಟಿ ಗಾಲಿಯ ಮೇಲೆಯೇ ಇರುತ್ತದೆ. ಉಪಚಾರಕನ ಪಾಡೂ ಇಂಥದೇ. ಯುದ್ಧದ ವೈಭವ ಉಳಿದವರಿಗೆ. ಅವನಿಗೆ ಕಾಣುವುದು ಏರಿಳಿಯುವ ಪಟ್ಟಿಗಳು ಮಾತ್ರ. ಆದರೆ ಅಡ್ಡಮರ ಕೊಡುವವನು ಗಾಲಿಯೊಂದನ್ನೇ ನೋಡುವವನಲ್ಲ. ಹಗ್ಗ ಎಳೆಯುವವರ ಕೂಗು ಅವನ ಕಿವಿಯಲ್ಲಿರುತ್ತದೆ, ಬೀದಿಯ ಇಳಿಜಾರು ಅವನ ಕಾಲಿಗೆ ತಿಳಿದಿರುತ್ತದೆ. ಪಟ್ಟಿಗಳಲ್ಲಿ ಮುಳುಗಿದ ಉಪಚಾರಕನು ತನ್ನ ಕಾಲಕೆಳಗಿನ ಬೆಂಕಿಯನ್ನು ಕಾಣದೆ ಸಾಯುವುದು ಆಟಗಾರರ ನಡುವೆ ಹಳೆಯ ಹಾಸ್ಯ. ಹಾಸ್ಯದ ಹಿಂದಿರುವ ಸತ್ಯವಿಷ್ಟು: ಪಟ್ಟಿ ರಣರಂಗದ ಸಂಗ್ರಹ, ಸಂಗ್ರಹವನ್ನು ಓದಿ ಮೂಲವನ್ನು ಬಿಟ್ಟವನಿಗೆ ಮೂಲದ ಅರ್ಥ ದಕ್ಕುವುದಿಲ್ಲ. ಪರೀಕ್ಷೆಗಾಗಿ ಗೈಡುಗಳನ್ನು ಮಾತ್ರ ಓದುವ ವಿದ್ಯಾರ್ಥಿಗಳನ್ನು ಕಂಡಿರುವ ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಸ್ಪರ್ಶನ. ಮೊದಲು ಗಾಯಾಳುವನ್ನು ಆರಿಸಿ, ಅನಂತರ ಮಂತ್ರವನ್ನು ಒತ್ತುವುದು ಹಳೆಯ ಪದ್ಧತಿ; ಇದು ಎರಡು ಹೆಜ್ಜೆಗಳ ಕೆಲಸ. ಹೀಲ್‌ಬಾಟ್, ಕ್ಲಿಕ್ ಮೊದಲಾದ ಆಡ್‌ಆನ್‌ಗಳು ಈ ಎರಡನ್ನೂ ಒಂದಾಗಿಸಿದವು. ಮೌಸಿನ ಎಡಗುಂಡಿಗೆ ಒಂದು ಮಂತ್ರ, ಬಲಗುಂಡಿಗೆ ಮತ್ತೊಂದು, ಶಿಫ್ಟ್ ಕೀಲಿಯೊಡನೆ ಒತ್ತಿದರೆ ಇನ್ನೊಂದು. ಪಟ್ಟಿಯನ್ನು ಮುಟ್ಟಿದೊಡನೆ ಉಪಚಾರ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಮಂತ್ರಕ್ಕೂ ಮುಂದಿನ ಮಂತ್ರಕ್ಕೂ ನಡುವೆ ಒಂದೂವರೆ ಸೆಕೆಂಡಿನ ಅಂತರವಿರುವ ಆಟದಲ್ಲಿ ಈ ಉಳಿತಾಯ ಅಲ್ಪವಾದುದಲ್ಲ. ಬೆರಳಿಗೆ ಒಮ್ಮೆ ರೂಢಿಯಾದ ಸ್ಥಾನವನ್ನು ಪದೇ ಪದೇ ಬದಲಿಸಬಾರದು ಎಂಬುದೊಂದೇ ಇಲ್ಲಿನ ಮುಖ್ಯ ನಿಯಮ.

ಈ ಸರಳತೆಗೆ ಒಂದು ಎಲ್ಲೆ ಇರಬೇಕೆ? ಈ ಪ್ರಶ್ನೆಯನ್ನು ಎತ್ತಿದ್ದು ಡಿಕರ್ಸಿವ್ ಎಂಬ ಆಡ್‌ಆನ್. ಅದರ ಮೊದಲ ರೂಪದಲ್ಲಿ ಆಟಗಾರನು ಒಂದೇ ಗುಂಡಿಯನ್ನು ಒತ್ತುತ್ತಿದ್ದರೆ ಸಾಕಾಗಿತ್ತು; ಬೇನೆ ಯಾರಿಗಿದೆ, ಯಾವ ಮಂತ್ರ ಬೇಕು ಎಂಬುದನ್ನು ಅದೇ ಹುಡುಕಿ ನಿರ್ಧರಿಸುತ್ತಿತ್ತು. 2006ರ ಡಿಸೆಂಬರಿನಲ್ಲಿ ಬಂದ ಪರಿಷ್ಕರಣದಲ್ಲಿ ಆಟದ ನಿರ್ಮಾತೃಗಳಾದ ಬ್ಲಿಜಾರ್ಡ್ ಸಂಸ್ಥೆಯವರು ಇದನ್ನು ತಡೆದರು. ಯಾರಿಗೆ ಏನು ಎಂಬ ನಿರ್ಧಾರವನ್ನು ಕಾಳಗದ ನಡುವೆ ಆಡ್‌ಆನ್ ಮಾಡಕೂಡದೆಂದಾಯಿತು. ಅದೇ ಸಂಸ್ಥೆ 2025ರಲ್ಲಿ, ಮಿಡ್‌ನೈಟ್ ಎಂಬ ಮುಂದಿನ ಆವೃತ್ತಿಗಾಗಿ, ಕಾಳಗದ ವಿವರಗಳನ್ನು ಆಡ್‌ಆನ್‌ಗಳು ತಿಳಿದು ಲೆಕ್ಕಹಾಕುವುದಕ್ಕೇ ಮಿತಿಯನ್ನು ಪ್ರಕಟಿಸಿತು. ಈ ಎರಡು ನಿರ್ಣಯಗಳಲ್ಲಿ ಮೊದಲನೆಯದನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಒಬ್ಬನನ್ನು ಉಳಿಸಲು ಹೊರಟಾಗ ಇನ್ನೊಬ್ಬನು ಸಾಯಬಹುದೆಂಬ ಅರಿವಿನಿಂದ ಆರಿಸುವುದೇ ಉಪಚಾರದ ಸಾರ. ಆ ಆಯ್ಕೆಯನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಉಳಿಯುವುದು ಬೆರಳಿನ ವ್ಯಾಯಾಮ. ಎರಡನೆಯ ನಿರ್ಣಯದ ವಿಷಯದಲ್ಲಿ ನಮಗೆ ಅಷ್ಟು ಸಮಾಧಾನವಿಲ್ಲ. ಕಣ್ಣು ಮಂದವಾದವನಿಗೆ, ಕೈ ನಿಧಾನವಾದವನಿಗೆ ಆಡ್‌ಆನ್ ಊರುಗೋಲು. ಊರುಗೋಲಿಗೂ ಪಲ್ಲಕ್ಕಿಗೂ ಇರುವ ಭೇದವನ್ನು ನಿಯಮ ಮಾಡುವವರು ಮರೆಯಬಾರದು.

ಇಷ್ಟೆಲ್ಲ ಮೇಜಿನ ಮೇಲಿನ ಗಣಕಯಂತ್ರವನ್ನು ಕುರಿತು ಹೇಳಿದ್ದಾಯಿತು. ನಂಜನಗೂಡು, ತಿರುಮಕೂಡಲು ನರಸೀಪುರಗಳಂಥ ಊರುಗಳ ಯುವಕರಿಗೆ ಈ ಆಟಗಳು ಹೆಚ್ಚಾಗಿ ದೊರೆಯುವುದು ಮೊಬೈಲ್ ಫೋನಿನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದ ಮೇಲೆ 2021ರ ಜುಲೈ ತಿಂಗಳಲ್ಲಿ ಬಂದ ಬಿಜಿಎಂಐ ಇಲ್ಲಿ ನಿದರ್ಶನವಾಗಬಲ್ಲುದು. ಅದರಲ್ಲಿ ಉಪಚಾರಕನೆಂಬ ಪ್ರತ್ಯೇಕ ಪಾತ್ರವಿಲ್ಲ. ನಾಲ್ವರ ತಂಡದಲ್ಲಿ ಎಲ್ಲರೂ ಬ್ಯಾಂಡೇಜು, ಔಷಧದ ಪೆಟ್ಟಿಗೆಗಳನ್ನು ಹೊತ್ತಿರುತ್ತಾರೆ, ಬಿದ್ದ ಜೊತೆಗಾರನನ್ನು ಬಳಿಗೆ ಹೋಗಿ ಎಬ್ಬಿಸುತ್ತಾರೆ. ಇಲ್ಲಿ ನೋಡುವ ಸ್ಥಳವೂ ಮುಟ್ಟುವ ಸ್ಥಳವೂ ಒಂದೇ ಗಾಜು. ಮುಟ್ಟಿದ ಹೆಬ್ಬೆರಳು ನೋಡಬೇಕಾದುದನ್ನು ಮುಚ್ಚುತ್ತದೆ. ದರ್ಶನಕ್ಕೂ ಸ್ಪರ್ಶನಕ್ಕೂ ಜಗಳ. ಗುಂಡಿಗಳ ಗಾತ್ರ, ಸ್ಥಾನ, ಪಾರದರ್ಶಕತೆಗಳನ್ನು ಬದಲಿಸಲು ಆಟದಲ್ಲಿ ಅವಕಾಶವಿದೆ. ಹೀಗಿದ್ದರೂ ಹೆಸರಾಂತ ಆಟಗಾರನ ವಿನ್ಯಾಸವನ್ನು ಹಾಗೆಯೇ ನಕಲು ಮಾಡಿಕೊಳ್ಳುವುದು ರೂಢಿ. ಅವನು ನಾಲ್ಕು ಬೆರಳಿನಿಂದ ಆಡುವವನು. ನಕಲು ಮಾಡಿದವನು ಎರಡು ಹೆಬ್ಬೆರಳಿನಿಂದ ಆಡುವವನು. ಹೀಗೆ ತಂದ ವಿನ್ಯಾಸದಲ್ಲಿ ಔಷಧದ ಗುಂಡಿ ಬೆರಳು ತಲುಪದ ಕಡೆ ಉಳಿದುಬಿಡುತ್ತದೆ. ಗುಂಡು ಹಾರಿಸುವ ಗುಂಡಿಗೆ ಕೊಟ್ಟ ಗಮನದಲ್ಲಿ ಕಾಲುಭಾಗವನ್ನಾದರೂ ಅದಕ್ಕೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಮೂರನೆಯದು ಪ್ರಶ್ನೆ. ನಂಜನಗೂಡನ್ನು ಹಾದು ಹರಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣುವುದು ಎರಡೇ ಹೊಳೆಗಳಾದರೂ ಗುಪ್ತವಾದ ಸ್ಫಟಿಕ ಸರೋವರವನ್ನೂ ಸೇರಿಸಿ ಆ ಸ್ಥಳವನ್ನು ತ್ರಿವೇಣಿಸಂಗಮವೆಂದು ಜನ ಭಾವಿಸಿದ್ದಾರೆ. ಉಪಚಾರದಲ್ಲಿಯೂ ಮೂರನೆಯದು ಪರದೆಯ ಮೇಲೆ ಕಾಣುವಂಥದಲ್ಲ. ಎವರ್‌ಕ್ವೆಸ್ಟಿನ ಉಪಚಾರಕರಿಗೆ ಪೂರ್ಣಚಿಕಿತ್ಸೆಯ ಒಂದು ಮಂತ್ರವಿತ್ತು. ಅದು ಫಲಿಸಲು ಹತ್ತು ಸೆಕೆಂಡು ಬೇಕಾಗಿತ್ತು. ಹತ್ತು ಸೆಕೆಂಡಿನೊಳಗೆ ಗಾಯಾಳು ಸಾಯಬಹುದು. ಆದ್ದರಿಂದ ಹಲವರು ಸರದಿ ಕಟ್ಟಿ, ತಮ್ಮ ಸರದಿ ಬಂದಾಗ ಬರೆದು ಸಾರಿ, ಒಬ್ಬರ ಹಿಂದೊಬ್ಬರು ಮಂತ್ರ ಹೇಳುತ್ತಿದ್ದರು. ಅವರ ಪರದೆ ಬಡವಾಗಿತ್ತು. ಮಾತು ಆ ಬಡತನವನ್ನು ತುಂಬಿಕೊಟ್ಟಿತು.

ಪರದೆ ಶ್ರೀಮಂತವಾದ ಮೇಲೆ ಮಾತು ಬೇಡವಾಯಿತೆ? 2005ರ ಸೆಪ್ಟೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ‘ಕರಪ್ಟೆಡ್ ಬ್ಲಡ್’ ಎಂಬ ಸೋಂಕು ಆಕಸ್ಮಿಕವಾಗಿ ಕಾಳಗದ ಸ್ಥಳದಿಂದ ಪಟ್ಟಣಗಳಿಗೆ ಹಬ್ಬಿತು. ಉಪಚಾರಶಕ್ತಿಯುಳ್ಳ ಆಟಗಾರರು ನೆರವಿಗೆ ಧಾವಿಸಿದರು. ಅವರು ಉಳಿಸಿದ ಸೋಂಕಿತರು ಹೆಚ್ಚು ಕಾಲ ಬದುಕಿ ಸೋಂಕನ್ನು ಹೆಚ್ಚು ಮಂದಿಗೆ ಹರಡಿದ್ದಿರಬಹುದೆಂದು ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ 2007ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ವಿವೇಚಿಸಿದ್ದಾರೆ. ಜೀವಪಟ್ಟಿ ಇಳಿಯುವುದನ್ನು ಪರದೆ ನಿಷ್ಠೆಯಿಂದ ತೋರಿಸಿತು. ಇವನು ಎಲ್ಲಿಂದ ಬಂದ, ಎಲ್ಲಿಗೆ ಹೊರಟಿದ್ದಾನೆ ಎಂಬುದನ್ನು ಅದು ತೋರಿಸಲಾರದು. ಅದನ್ನು ಕೇಳಿಯೇ ತಿಳಿಯಬೇಕು.

ಕಾಳಗದ ಗದ್ದಲದಲ್ಲಿ ಕೇಳಿ ಹೇಳಲು ಪುರಸತ್ತು ಎಲ್ಲಿದೆ, ಇನ್ನೊಬ್ಬ ಉಪಚಾರಕನ ಮಂತ್ರ ಬರುತ್ತಿರುವುದನ್ನು ಪಟ್ಟಿಯಲ್ಲಿಯೇ ತೋರಿಸಬಹುದಲ್ಲ ಎಂದು ಕೆಲವರು ವಾದಿಸುತ್ತಾರೆ. ಹಾಗೆ ತೋರಿಸುವ ಏರ್ಪಾಡು ಇದ್ದೇ ಇದೆ, ಅದರಿಂದ ಪ್ರಯೋಜನವೂ ಉಂಟು: ಒಬ್ಬನ ಮೇಲೆ ಇಬ್ಬರ ಶಕ್ತಿ ವ್ಯರ್ಥವಾಗುವುದು ತಪ್ಪುತ್ತದೆ. ಆದರೆ ಅದು ಏನು ನಡೆಯಲಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಜೊತೆಗಾರನ ಮನಸ್ಸಿನಲ್ಲಿರುವುದನ್ನಲ್ಲ. ಮುಂದೆ ನಿಂತವನು ಹಿಂಜರಿಯಲಿದ್ದಾನೆಯೆ, ತನ್ನನ್ನು ಬಿಟ್ಟು ಬೇರೊಬ್ಬನನ್ನು ಉಳಿಸೆಂದು ಬಯಸುತ್ತಾನೆಯೆ ಎಂಬುದಕ್ಕೆ ಚೌಕವಿಲ್ಲ, ಚುಕ್ಕೆಯಿಲ್ಲ.

ಒಟ್ಟಿನಲ್ಲಿ ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಉಪಚಾರಕನ ಉತ್ತಮ ಪರದೆಯನ್ನು ಅದು ತೋರಿಸುವ ವಿವರಗಳ ಸಂಖ್ಯೆಯಿಂದ ಅಳೆಯಲಾಗದು. ಕಣ್ಣಿಗೆ ರಣರಂಗವನ್ನೂ, ಕೈಗೆ ನಿರ್ಧಾರವನ್ನೂ, ಬಾಯಿಗೆ ಪ್ರಶ್ನೆಯನ್ನೂ ಅದು ಎಷ್ಟರಮಟ್ಟಿಗೆ ಉಳಿಸಿಕೊಡುತ್ತದೆ ಎಂಬುದೇ ಅಳತೆ. ಈ ಆಟಗಳನ್ನು ಆಡುವ ವಿದ್ಯಾರ್ಥಿಗಳು ತಮ್ಮ ಪರದೆಯಿಂದ ದಿನಕ್ಕೊಂದು ಅಂಶವನ್ನು ತೆಗೆದು ಆಡಿ ನೋಡಲಿ. ತೆಗೆದರೂ ಜೊತೆಗಾರರು ಬದುಕಿದರೆ ಅದು ಅಲ್ಲಿರಬೇಕಾಗಿರಲಿಲ್ಲ. ಪದ್ಯದಿಂದ ಒಂದು ವಿಶೇಷಣವನ್ನು ತೆಗೆದು ಪರೀಕ್ಷಿಸುವ ಅಭ್ಯಾಸವನ್ನು ಅಧ್ಯಾಪಕರು ತರಗತಿಯಲ್ಲಿ ಮಾಡಿಸುತ್ತಲೇ ಇದ್ದಾರೆ. ಅದೇ ವಿವೇಕ ಇಲ್ಲಿಯೂ ಸಲ್ಲುತ್ತದೆ.