ಕಪ್ಪು ಮುಖದ ಮಹಿಮೆ

ಗಿಟಾರ್ ನುಡಿಸುವ ನಾಲ್ಕು ಜನ ಸೇರಿದ ಕಡೆ 1965ರ ಫೆಂಡರ್ ಡಿಲಕ್ಸ್ ರಿವರ್ಬ್ ಆಂಪ್ಲಿಫೈಯರಿನ ಹೆಸರು ಎತ್ತಿ ನೋಡಿ, ಗರ್ಭಗುಡಿಯ ಮುಂದೆ ನಿಂತವರಂತೆ ದನಿ ತಗ್ಗಿಸಿ ಮಾತಾಡುತ್ತಾರೆ. ಅದೇ ಕಂಪನಿ ಅದೇ ಹೆಸರಿನಲ್ಲಿ 1993ರಿಂದ ಮತ್ತೆ ಮಾಡುತ್ತಿರುವ ಆಂಪ್‌ನ ಮಾತು ಬಂದರೆ ಮಾತ್ರ ಒಂದು ಸಣ್ಣ ನಗು. "ಪರವಾಗಿಲ್ಲ. ಆದರೆ ಅದು ಬೇರೆ." ಏನು ಬೇರೆ ಎಂದು ಪಟ್ಟು ಹಿಡಿದರೆ ಸಿಗುವುದು ವಿಶೇಷಣಗಳು: ಹಳೆಯದು ಬೆಚ್ಚಗಿದೆ, ಉಸಿರಾಡುತ್ತದೆ, ಅದಕ್ಕೆ ಜೀವ ಇದೆ. ಹೊಸದು ಚುಚ್ಚುತ್ತದೆ. ಈ ವಿಶೇಷಣಗಳು ಸುಳ್ಳಲ್ಲ. ಅವುಗಳ ಮೂಲ ಎಲ್ಲಿದೆ ಎಂದು ಹುಡುಕುವ ಗೋಜಿಗೆ ಹೋಗದೆ ಎಲ್ಲವನ್ನೂ ಇಸವಿಯ ಖಾತೆಗೆ ಬರೆಯುತ್ತಾರಲ್ಲ, ಅದು ನನ್ನ ತಕರಾರು.

ಇಸವಿಯ ಮಹಿಮೆಗೊಂದು ಕಥೆಯಿದೆ. 1965ರ ಜನವರಿಯಲ್ಲಿ ಲಿಯೋ ಫೆಂಡರ್ ತನ್ನ ಕಂಪನಿಯನ್ನು ಪ್ರಸಾರ ಸಂಸ್ಥೆ ಸಿಬಿಎಸ್‌ಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಅಲ್ಲಿಂದಾಚೆಗೆ ಎಲ್ಲ ಕೆಟ್ಟಿತು ಎಂಬುದು ಭಕ್ತರ ಪುರಾಣ. ಆಂಪ್‌ಗಳ ಮಟ್ಟಿಗೆ ಕೆಟ್ಟದ್ದು ಮೊದಲು ಮುಖದ ಬಣ್ಣ: 1967ರವರೆಗಿನ ಕಪ್ಪು ಪಟ್ಟಿ ಹೋಗಿ ಬೆಳ್ಳಿಬಣ್ಣದ ಪಟ್ಟಿ ಬಂತು. ಆದರೆ 1968ರ ಡಿಲಕ್ಸ್ ರಿವರ್ಬ್‌ನ ಹಿಂಬದಿ ತೆಗೆದು ನೋಡಿದರೆ ಒಳಗಿರುವುದು ಹೆಚ್ಚುಕಡಿಮೆ ಅದೇ ಎಬಿ763 ಸರ್ಕ್ಯೂಟ್. ಅದೇ ಎರಡು 6ವಿ6 ವಾಲ್ವ್, ಅದೇ 22 ವ್ಯಾಟ್ ಆಸುಪಾಸು, ಒಂದು 12 ಇಂಚಿನ ಸ್ಪೀಕರ್. ಬೆಲೆ ಮಾತ್ರ ಕಪ್ಪು ಮುಖಕ್ಕೇ ಹೆಚ್ಚು. ಕಿವಿ ಬಣ್ಣ ನೋಡುವುದಿಲ್ಲ ಎಂದುಕೊಂಡಿದ್ದೆ, ಮಾರುಕಟ್ಟೆ ನನ್ನ ಭ್ರಮೆ ಬಿಡಿಸಿತು.

  

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನನ್ನ ಹಳೆಯ ಗೆಳೆಯನೊಬ್ಬನಿದ್ದಾನೆ, ಶಿವಮೊಗ್ಗ ಕಡೆಯವನು. ವಾರವಿಡೀ ಕೋಡ್ ಬರೆದು ಶನಿವಾರ ಗ್ಯಾರೇಜಿನಲ್ಲಿ ಬೆಸುಗೆ ಕಡ್ಡಿ ಹಿಡಿಯುವ ಜಾತಿ. ಅವನ ಬಳಿ 1966ರದೊಂದು, ಮರುಹುಟ್ಟಿನ 2008ರದೊಂದು, ಎರಡೂ ಡಿಲಕ್ಸ್ ರಿವರ್ಬ್ ಪಕ್ಕಪಕ್ಕ ಕೂತಿವೆ. ಒಂದೇ ಟೆಲಿಕಾಸ್ಟರ್ ಗಿಟಾರ್, ಒಂದೇ ಕೇಬಲ್. ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ಇದಕ್ಕೆ ಚುಚ್ಚಿ, ಅದಕ್ಕೆ ಚುಚ್ಚಿ, ತಲೆಯಾಡಿಸಿದೆವು. ಹಳೆಯದು ಗೆದ್ದಿತು, ಅದರಲ್ಲಿ ಅನುಮಾನವೇ ಇಲ್ಲ. ಹೊಸದರ ಮೇಲಿನ ಸ್ವರಗಳಲ್ಲಿ ಸ್ಟೀಲ್ ತಟ್ಟೆಗೆ ಚಮಚ ತಾಗಿದ ಹಾಗೊಂದು ಅಂಚು. ಹಳೆಯದರಲ್ಲಿ ಅದೇ ಸ್ವರ ಅಂಚು ಸವೆದ ನಾಣ್ಯ.

ಬಹುಪಾಲು ವಿಮರ್ಶೆಗಳು ಇಲ್ಲಿಗೆ ನಿಲ್ಲುತ್ತವೆ. ನಾವು ಆಂಪ್‌ಗಳ ಹಿಂದೆ ಕೈ ಹಾಕಿ ಸ್ಪೀಕರ್ ಪ್ಲಗ್ಗುಗಳನ್ನು ಅದಲುಬದಲು ಮಾಡಿದೆವು. ಎರಡೂ 8 ಓಮ್, ಯಾವ ಅಪಾಯವೂ ಇಲ್ಲ, ಅರ್ಧ ನಿಮಿಷದ ಕೆಲಸ. ಈಗ ಹಳೆಯ ಆಂಪ್ ಹೊಸ ಪೆಟ್ಟಿಗೆಯ ಸ್ಪೀಕರಿನಲ್ಲಿ ನುಡಿಯುತ್ತಿದೆ, ಹೊಸದು ಹಳೆಯದರಲ್ಲಿ. ಚುಚ್ಚುವ ಅಂಚು ಆಂಪ್ ಜೊತೆ ಬರಲಿಲ್ಲ. ಸ್ಪೀಕರ್ ಜೊತೆ ಹೋಯಿತು. ಗೆಳೆಯ ಮೂರು ಸಲ ಪ್ಲಗ್ ಬದಲಿಸಿ, ಕೊನೆಗೆ ಸ್ಟೂಲಿನ ಮೇಲೆ ಕೂತು, "ಥೂ ಮಾರಾಯ, ಇಷ್ಟಕ್ಕೆ ಇಷ್ಟು ದುಡ್ಡು ಕೊಟ್ಟೆನಾ?" ಅಂದ.

ಹೊಸದರಲ್ಲಿರುವುದು ಜೆನ್ಸನ್ ಸಿ12ಕೆ, ನೂರು ವ್ಯಾಟ್ ತಡೆಯುವ ಸ್ಪೀಕರ್. ಅದರ ಎದುರು ಆಂಪ್ ಕೊಡುವುದು 22. ಎಷ್ಟು ಒದ್ದರೂ ಅದು ಬೆವರುವುದಿಲ್ಲ, ಬಂದದ್ದನ್ನು ಬಂದ ಹಾಗೆ, ಮೊನಚಿನ ಸಮೇತ ಎದುರಿಗಿಡುತ್ತದೆ. ಹಳೆಯದರಲ್ಲಿ ಇರುವುದು ಆಕ್ಸ್‌ಫರ್ಡ್, ಅಷ್ಟೇನೂ ತಾಕತ್ತಿಲ್ಲದ್ದು, ಅರ್ಧ ಶತಮಾನಕ್ಕೂ ಮೀರಿ ಹೊಡೆತ ತಿಂದು ಕಾಗದದ ಕೋನ್ ಮೆತ್ತಗಾದದ್ದು. ತಮಾಷೆಯೆಂದರೆ ಈ ಆಕ್ಸ್‌ಫರ್ಡನ್ನು ಅಗ್ಗದ ಮಾಲು ಎಂದು ಬೈಯುತ್ತ ಬಂದವರೂ ಇದೇ ಭಕ್ತಗಣ. ಎಷ್ಟೋ ಜನ ಅದನ್ನು ಕಿತ್ತು ಜೆಬಿಎಲ್ ಕೂರಿಸಿದರು. ತಾವು ಕಿತ್ತೆಸೆದ ವಸ್ತುವಿನ ಗುಣವನ್ನು ಉಳಿದ ಪೆಟ್ಟಿಗೆಗೆ ಹಂಚಿ ಪೂಜಿಸುವುದು ಇವರಿಗೆ ಮಾತ್ರ ಸಾಧ್ಯ.

ಚುಚ್ಚುವಿಕೆಯಲ್ಲಿ ಇನ್ನೊಂದು ಪಾಲು ಒಂದು ಪುಟ್ಟ ಕಂಡೆನ್ಸರಿನದು. ಡಿಲಕ್ಸ್ ರಿವರ್ಬ್‌ನ ವೈಬ್ರಾಟೊ ಚಾನೆಲ್ಲಿನ ವಾಲ್ಯೂಮಿಗೆ ಅಡ್ಡಲಾಗಿ 47 ಪಿಕೋಫ್ಯಾರಡ್‌ನ ಕಂಡೆನ್ಸರ್ ಬೆಸೆದಿರುತ್ತದೆ. ವಾಲ್ಯೂಮ್ ತಗ್ಗಿಸಿದಾಗಲೂ ಅದು ಮೇಲಿನ ಸ್ವರಗಳನ್ನು ಕಳ್ಳದಾರಿಯಲ್ಲಿ ದಾಟಿಸುತ್ತದೆ. ಮನೆಯಲ್ಲಿ 2ಕ್ಕೆ ಇಟ್ಟು ನುಡಿಸುವವನಿಗೆ ಹೊಸ ಆಂಪ್ ಕರ್ಕಶ ಅನ್ನಿಸುವುದು ಇದರಿಂದ. ಅದನ್ನು ಕತ್ತರಿಸಿ ಹಾಕಿ ಹಳೆಯ ನಾದ ಸಿಕ್ಕಿತೆಂದು ಹಿಗ್ಗುವವರು ಬಹಳ. ಆದರೆ ಅದು 1965ರ ನಕ್ಷೆಯಲ್ಲೂ ಇದೆ. ಹಳೆಯದನ್ನು ಸಮೀಪಿಸಲು ಹಳೆಯದರಲ್ಲೇ ಇದ್ದ ಭಾಗವನ್ನು ಕಿತ್ತ ಹಾಗಾಯಿತು.

ಇಷ್ಟಾದ ಮೇಲೂ ಒಂದು ವ್ಯತ್ಯಾಸ ಉಳಿಯಿತು. ಸ್ಪೀಕರ್ ಯಾವುದೇ ಇರಲಿ, ವಾಲ್ಯೂಮನ್ನು 6ಕ್ಕೆ ಏರಿಸಿ ಇ ಮೇಜರ್ ಕಾರ್ಡನ್ನು ಬಲವಾಗಿ ಎಳೆದಾಗ ಹಳೆಯ ಆಂಪ್ ಬೇರೆ ರೀತಿ ಬಾಗುತ್ತಿತ್ತು. ಮೊದಲ ಏಟಿಗೆ ದನಿ ಪೂರ್ತಿ ಬರುವುದಿಲ್ಲ. ಭಾರದ ಮೂಟೆ ಹೆಗಲಿಗೆ ಬಿದ್ದಾಗ ಮೊಣಕಾಲು ತುಸು ಬಾಗುವ ಹಾಗೆ ಒಂದು ಕುಸಿತ, ಆಮೇಲೆ ನಿಧಾನವಾಗಿ ನೇರವಾಗುತ್ತ ನಾದ ಏಳುತ್ತದೆ. ಸ್ವರ ತೀರುತ್ತಿದೆ ಅನ್ನಿಸಬೇಕಾದ ಹೊತ್ತಿಗೆ ಬೆಳೆಯುತ್ತಿದೆ ಅನ್ನಿಸುತ್ತದೆ. ತಂಬೂರಿ ಮೀಟಿದವರಿಗೆ ಇದು ಹೊಸದಲ್ಲ. ಅಲ್ಲಿಯೂ ನಾದ ಅರಳುವುದು ಬೆರಳು ತಂತಿ ಬಿಟ್ಟ ಮೇಲೆ. ಹೊಸ ಆಂಪ್ ಇದನ್ನು ಮಾಡುತ್ತದೆ, ಆದರೆ ಜಿಪುಣತನದಿಂದ.

ಈ ಬಾಗುವಿಕೆಗೆ ಭಕ್ತರು ಹೊಣೆ ಮಾಡುವುದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವನ್ನು. ಅಲ್ಲೇ ಎಡವುತ್ತಾರೆ. ಎರಡೂ ಆಂಪ್‌ಗಳಲ್ಲಿ ಇರುವುದು ಅದೇ ಜಾತಿಯ ಜಿಜೆಡ್34, ಅದು ಆ ಕುಲದಲ್ಲೇ ಗಟ್ಟಿಮುಟ್ಟಾದದ್ದು, ಭಾರಕ್ಕೆ ಹೆಚ್ಚು ಜಗ್ಗುವುದಿಲ್ಲ. ಜಗ್ಗುವುದನ್ನು ನೋಡಬೇಕಿದ್ದರೆ ಐವತ್ತರ ದಶಕದ ಟ್ವೀಡ್ ಡಿಲಕ್ಸ್‌ನ 5ವೈ3 ನೋಡಬೇಕು. ಗಾಯಕ ನೀಲ್ ಯಂಗ್ ತನ್ನ 1959ರ ಟ್ವೀಡ್ ಡಿಲಕ್ಸನ್ನು ಬಿಟ್ಟುಕೊಡದೆ, ಕಾಲಿನಿಂದಲೇ ಅದರ ಗುಂಡಿಗಳನ್ನು ತಿರುಗಿಸುವ ಯಂತ್ರವನ್ನೇ ಮಾಡಿಸಿಕೊಂಡದ್ದು ಸುಮ್ಮನಲ್ಲ. ಡಿಲಕ್ಸ್ ರಿವರ್ಬ್‌ನಲ್ಲಿ ಬಾಗುವುದು ಇಡೀ ಪವರ್ ಸಪ್ಲೈ: ಟ್ರಾನ್ಸ್‌ಫಾರ್ಮರಿನ ಸುರುಳಿಯ ತಡೆ, ಫಿಲ್ಟರ್ ಕಂಡೆನ್ಸರುಗಳಲ್ಲಿ ಎಷ್ಟು ಕೂಡಿಟ್ಟಿದೆ ಎಂಬ ಲೆಕ್ಕ, ಅದಕ್ಕೂ ಮೊದಲು ಗೋಡೆಯ ಪ್ಲಗ್ಗಿನಿಂದ ಬರುವ ವೋಲ್ಟೇಜು.

ಗೋಡೆಯ ವೋಲ್ಟೇಜಿನ ಬಗ್ಗೆ ಇಷ್ಟೊಂದು ಮೌನ ಯಾಕೋ ಗೊತ್ತಿಲ್ಲ. ಈ ಆಂಪ್ ವಿನ್ಯಾಸವಾದಾಗ ಅಮೆರಿಕದ ಲೆಕ್ಕ 117 ವೋಲ್ಟ್. ಗೆಳೆಯನ ಗ್ಯಾರೇಜಿನಲ್ಲಿ ಮೀಟರು ತೋರಿಸಿದ್ದು 123. ಶೇಕಡಾ ಐದು, ಅಷ್ಟೇ ಅಲ್ಲವೇ ಎನ್ನಬೇಡಿ. ನಕ್ಷೆಯ ಪ್ರಕಾರ 6ವಿ6ಗಳ ಪ್ಲೇಟಿನಲ್ಲಿ ಸುಮಾರು 415 ವೋಲ್ಟ್ ಇರಬೇಕು. ಅದೇ ವಾಲ್ವ್ ಕೈಪಿಡಿಯ ಮಿತಿಗೆ ಮೀರಿದ್ದು, ಅದರ ಮೇಲೆ ಇಪ್ಪತ್ತು ವೋಲ್ಟ್ ಏರುತ್ತದೆ. ಅಂದರೆ 1966ರ ಆಂಪನ್ನು ಇಂದಿನ ಪ್ಲಗ್ಗಿಗೆ ಚುಚ್ಚಿದವನು 1966ರ ನಾದ ಕೇಳುತ್ತಿಲ್ಲ. ನಾವು ಎರಡಕ್ಕೂ ವೋಲ್ಟೇಜ್ ಏರಿಳಿಸುವ ವೇರಿಯಾಕ್ ಕಟ್ಟಿ 117ಕ್ಕೆ ಇಳಿಸಿದೆವು. ಹಳೆಯದು ಇನ್ನಷ್ಟು ಸಡಿಲವಾಯಿತು. ಹೊಸದು ನನಗೆ ಆಶ್ಚರ್ಯವಾಗುವಷ್ಟು ಬದಲಾಯಿತು: ಅದೇ ಕುಸಿತ, ಅದೇ ಏಳುವಿಕೆ, ಹಳೆಯದಕ್ಕಿಂತ ಒಂದು ಕೂದಲು ಬಿಗಿ. ಆ ಒಂದು ಕೂದಲನ್ನು ನಾನು ಒಪ್ಪುತ್ತೇನೆ. ಅದು ಎಲ್ಲಿಂದ ಬರುತ್ತದೆಂದು ಕೇಳಿದರೆ ನನ್ನ ಊಹೆ ಟ್ರಾನ್ಸ್‌ಫಾರ್ಮರಿನ ಕಡೆಗೆ. ಅದಕ್ಕಾಗಿ ಎರಡು ಪಟ್ಟು, ಮೂರು ಪಟ್ಟು ದುಡ್ಡು ತೆರುವವರ ಕಡೆಗಲ್ಲ.

ತಂಬೂರಿಯ ಮಾತು ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ. ಅದರ ನಾದವನ್ನು ಬಿಡಿಸುವುದು ಜೀವಾಳ, ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ನೂಲಿನ ಎಳೆ. ಆ ಎಳೆ ಅಜ್ಜನ ಕಾಲದ್ದೇ ಆಗಬೇಕೆಂದು ಹಟ ಹಿಡಿದ ತಂಬೂರಿಯವರನ್ನು ನಾನು ಕಂಡಿಲ್ಲ. ಎಳೆ ಎಲ್ಲಿ ಕೂತರೆ ನಾದ ಬಿಚ್ಚಿಕೊಳ್ಳುತ್ತದೆ ಎಂಬುದಷ್ಟೇ ಅವರ ತಲೆನೋವು, ಅದಕ್ಕೆ ಅರ್ಧ ಗಂಟೆ ಕೂರುತ್ತಾರೆ. ಗಿಟಾರಿನವರಲ್ಲಿ ಈ ಅರ್ಧ ಗಂಟೆಯ ತಾಳ್ಮೆ ಇಲ್ಲ, ಬದಲಿಗೆ ಚೆಕ್ ಪುಸ್ತಕ ಇದೆ.

ಇನ್ನು ಕೈವೈರಿಂಗ್ ಪಂಥ. ಇವರ ಪ್ರಕಾರ ಹಳೆಯದರ ರಹಸ್ಯ ಫುಲ್ಲರ್ಟನ್ ಕಾರ್ಖಾನೆಯ ಹೆಣ್ಣುಮಕ್ಕಳು ಒಂದೊಂದೇ ತಂತಿ ಬೆಸೆದ ಫೈಬರ್ ಹಲಗೆಯಲ್ಲಿದೆ, ಹೊಸದರ ಪಾಪ ಅಚ್ಚಿನ ಸರ್ಕ್ಯೂಟ್ ಬೋರ್ಡಿನಲ್ಲಿದೆ. ಕೆಲವು ಆಂಪ್‌ಗಳ ಒಳಗೆ ಆ ಹೆಣ್ಣುಮಕ್ಕಳ ಹೆಸರು ಬರೆದ ಅಂಟುಪಟ್ಟಿ ಇಂದಿಗೂ ಇದೆ. ನೋಡಿದರೆ ಮನಸ್ಸು ತುಂಬುತ್ತದೆ, ಒಪ್ಪುತ್ತೇನೆ. ಆದರೆ ಎಲೆಕ್ಟ್ರಾನಿಗೆ ಅಕ್ಷರ ಬರುವುದಿಲ್ಲ. ಮೇಣ ಸವರಿದ ಆ ಹಲಗೆ ದಶಕಗಳಲ್ಲಿ ತೇವ ಕುಡಿದು, ಹರಿಯಬಾರದ ಕಡೆ ಕರೆಂಟು ಹರಿಸುವುದುಂಟು. ಅದರ ಮೇಲಿನ ಕಾರ್ಬನ್ ರೆಸಿಸ್ಟರುಗಳ ಬೆಲೆ ವರ್ಷ ಕಳೆದಂತೆ ಏರುತ್ತದೆ (ಓಮ್ ಲೆಕ್ಕದಲ್ಲಿ, ಡಾಲರ್ ಲೆಕ್ಕದಲ್ಲೂ). ಹೊಸದಾಗಿದ್ದಾಗಲೇ ಅವು ಶೇಕಡಾ ಹತ್ತರಷ್ಟು ಆಚೀಚೆ ಇರುತ್ತಿದ್ದವು. ಹಾಗಾಗಿ 1965ರಲ್ಲಿ ಒಂದೇ ದಿನ ಹೊರಬಿದ್ದ ಎರಡು ಆಂಪ್‌ಗಳೂ ಒಂದೇ ಥರ ನುಡಿದಿರಲಾರವು. ಯಾವುದಪ್ಪಾ ಆ 1965ರ ನಾದ?

ಈ ಪಂಥದವರು ಒಂದು ನಿಜವಾದ ಗುಣವನ್ನು ಹಿಡಿದಿದ್ದಾರೆ, ಆದರೆ ತಪ್ಪು ಕಡೆಯಿಂದ. ಹಳೆಯ ಆಂಪನ್ನು ಬಿಚ್ಚಿದರೆ ಪ್ರತಿ ಭಾಗ ಕಣ್ಣಿಗೆ ಕಾಣುತ್ತದೆ, ಬೆಸುಗೆ ಕಡ್ಡಿಯ ತುದಿಗೆ ಸಿಗುತ್ತದೆ. ಹಿಂದೆ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದ ನಮ್ಮ ಯಾವ ಮೆಕ್ಯಾನಿಕ್ ಕೈಗೆ ಕೊಟ್ಟರೂ ಸಂಜೆಯೊಳಗೆ ದನಿ ಬರಿಸಿ ಕೊಡುತ್ತಿದ್ದ. ಹೊಸದರ ಗುಂಡಿಗಳು ಬೋರ್ಡಿಗೇ ಬೆಸೆದುಕೊಂಡಿವೆ. ಒಂದು ಪೊಟೆನ್ಶಿಯೋಮೀಟರ್ ಬದಲಿಸಲು ಎಲ್ಲ ಗುಂಡಿ ಕಳಚಿ ಬೋರ್ಡನ್ನೇ ಎತ್ತಬೇಕು. ಇದು ದುರಸ್ತಿಯ ಗುಣ, ನಾದದ ಗುಣವಲ್ಲ. ಅದನ್ನೇ ಹೇಳಿದ್ದರೆ ನಾನೂ ಜೊತೆಗೆ ನಿಲ್ಲುತ್ತಿದ್ದೆ.

ಎದುರು ಪಂಥದ ಮೇಲೂ ನನಗೆ ಪ್ರೀತಿಯಿಲ್ಲ. ನ್ಯಾಶ್‌ವಿಲ್‌ನ ಜಿಮ್ ಲಿಲ್ ಎಂಬ ಗಿಟಾರ್‌ವಾದಕ ಆಂಪಿನ ಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗಿ, ಕೊನೆಗೆ ಮೀನು ಹಿಡಿಯುವವರ ಸಾಮಾನಿನ ಡಬ್ಬಿಯೊಳಗೆ ಆಂಪ್ ಕಟ್ಟಿ ತೋರಿಸಿದ. ಒಳ್ಳೆಯ ಕೆಲಸ, ಅಸಂಖ್ಯ ಮೂಢನಂಬಿಕೆ ಉದುರಿದವು. ಆದರೆ ಅವನ ಹಿಂದೆ ಹೊರಟ ಗುಂಪು ರೆಕಾರ್ಡಿಂಗಿನಲ್ಲಿ ಕೇಳದ್ದು ಇಲ್ಲವೇ ಇಲ್ಲ ಎಂದು ಘೋಷಿಸಿಬಿಟ್ಟಿತು. ಮೇಲೆ ಹೇಳಿದ ಬಾಗುವಿಕೆಯನ್ನು ರೆಕಾರ್ಡ್ ಮಾಡಿ ಕೇಳಿದೆವು. ನಮ್ಮ ಕಿವಿಗೆ ಅರ್ಧಕ್ಕರ್ಧ ಮಾಯ. ನುಡಿಸುವವನ ಬೆರಳಿಗೆ ಅದು ಗೊತ್ತಾಗುತ್ತದೆ, ಗೊತ್ತಾದದ್ದಕ್ಕೆ ಮುಂದಿನ ಏಟು ಬದಲಾಗುತ್ತದೆ, ಬದಲಾದ ಏಟಿನಿಂದ ಸಂಗೀತ ಬದಲಾಗುತ್ತದೆ. ಕಣ್ಣು ಕಟ್ಟಿ ಕೇಳಿಸುವ ಪರೀಕ್ಷೆಯಲ್ಲಿ ಕೂತಿರುವವನು ಬರೀ ಕೇಳುಗ.

ವಾಲ್ವ್ ಬದಲಿಸುವ ಚಟದ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ, ಯಾಕೆಂದರೆ ಅಲ್ಲಿ ನಾನೇ ನಂಬಿಕಸ್ಥನಲ್ಲ. ಗೆಳೆಯನ ಡ್ರಾಯರಿನಲ್ಲಿ ಬಿಇಎಲ್ ಎಂದು ಬರೆದ ಇಸಿಸಿ83 ಒಂದಿತ್ತು. ನಮ್ಮ ಜಾಲಹಳ್ಳಿಯದು, ಅರವತ್ತರ ದಶಕದಿಂದ ದೇಶದ ರೇಡಿಯೋಗಳಿಗೆ ವಾಲ್ವ್ ಒದಗಿಸಿದ ಕಾರ್ಖಾನೆಯದು. ಡಿಲಕ್ಸ್ ರಿವರ್ಬ್‌ನ 12ಎಎಕ್ಸ್7 ಜಾಗಕ್ಕೆ ಅದು ಸರಿಯಾಗಿ ಕೂರುತ್ತದೆ. ಕೂರಿಸಿದೆವು. ದನಿ ಸಿಹಿಯಾಯಿತು ಎಂದೆ. ಯಾವ ಚಾನೆಲ್ಲಿನ ಸಾಕೆಟ್ಟಿಗೆ ಹಾಕಿದ್ದೇವೆಂದು ನೋಡಿದರೆ, ಗಿಟಾರು ಚುಚ್ಚಿದ್ದು ಇನ್ನೊಂದು ಚಾನೆಲ್ಲಿಗೆ.

ಗೆಳೆಯ ಆಮೇಲೆ ಒಂದು ಕೆಲಸ ಮಾಡಿದ. ಹಳೆಯ ಆಕ್ಸ್‌ಫರ್ಡನ್ನು ಬಿಚ್ಚಿ ಹೊಸ ಆಂಪ್‌ಗೆ ಹಾಕಿಕೊಂಡ. ಶನಿವಾರ ರಾತ್ರಿ ಬಾರುಗಳಲ್ಲಿ ನುಡಿಸಲು ಹೊತ್ತೊಯ್ಯುವುದು ಅದನ್ನು. 1966ರದಕ್ಕೆ ಹೊಸ ಜೆನ್ಸನ್ ಕೂರಿಸಿ ಮನೆಯ ಹಾಲಿನಲ್ಲಿ ಇಟ್ಟಿದ್ದಾನೆ. ಬಂದ ಗಿಟಾರಿನವರು ಅದರ ಕಪ್ಪು ಮುಖ ನೋಡಿ ಹತ್ತಿರ ಹೋಗುತ್ತಾರೆ, ಕೇಳಿ ಚುಚ್ಚಿಕೊಳ್ಳುತ್ತಾರೆ, ಎರಡು ಕಾರ್ಡ್ ಎಳೆದು ಕಣ್ಣು ಮುಚ್ಚುತ್ತಾರೆ. "ಹಳೇದು ಅಂದ್ರೆ ಹಳೇದೇ," ಅನ್ನುತ್ತಾರೆ. ಇವನು ಕಾಫಿ ತರಲು ಒಳಗೆ ಹೋಗುತ್ತಾನೆ.