ಬೆನ್ನ ಹಿಂದಿನ ಕೆರೆ

ಹಳೇಬೀಡಿನ ಬಗ್ಗೆ ಬರೆಯುವವರು ಹೊಯ್ಸಳೇಶ್ವರನ ಗೋಡೆಗೆ ಮುಖ ಮಾಡಿ, ದೋರಸಮುದ್ರ ಕೆರೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದ ಮೇಲೂ ಹೊಗಳಿಕೆಯ ಧಾಟಿ ಬದಲಾಗಿಲ್ಲ. ಶಿಲ್ಪಿಗಳಾದ ದಾಸೋಜ, ಮಲ್ಲಿತಮ್ಮರ ಉಳಿ ದೊಡ್ಡದು, ಒಪ್ಪಲೇಬೇಕು. ಆದರೆ ಹೊಯ್ಸಳರ ರಾಜಧಾನಿಗೆ ಹೆಸರು ಕೊಟ್ಟದ್ದು ಕೆರೆ. 1121ರ ಸುಮಾರಿನ ಗುಡಿಗಿಂತ ಅದೇ ಹಳೆಯದು. ಈ ಸೀಮೆಯ ಹಿರಿಯ ಕೃತಿ ಅದು.

ಅದರ ಕುಶಲತೆ ಕಾಣಬೇಕಾದರೆ ಕೋಡಿಯ ಬಳಿ ನಿಲ್ಲಬೇಕು. ಕೋಡಿ ಎತ್ತರವಾದರೆ ತುಂಬಿದ ವರ್ಷ ಏರಿ ಒಡೆಯುತ್ತದೆ. ತಗ್ಗಾದರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಸಾಲದು. ಹರಿದ ನೀರು ಹಳ್ಳ ಹಿಡಿದು ಮುಂದಿನ ಕೆರೆ ಸೇರಬೇಕು. ಊರು ಬೆಳೆಯುವಾಗ ಮೊದಲು ಹೋಗುವುದೂ ಈ ಹಳ್ಳವೇ. ಅರಸೀಕೆರೆಯಂಥ ಮಳೆ ಕಡಿಮೆಯ ಕಡೆ ಕೋಡಿ ಹಳ್ಳ ವರ್ಷಗಟ್ಟಲೆ ಒಣಗಿರುತ್ತದೆ. ಕೊಳ್ಳುವವನ ಕಣ್ಣಿಗೆ ಅದು ಖಾಲಿ ಸೈಟು. ಅರಸಿಯ ಕೆರೆ ಎಂದೇ ಹೆಸರು ಹೊತ್ತ ಊರಿನಲ್ಲಿ!

ಇಂಥ ಕೆರೆಗಳಿಗೆ ಜೌಗುಭೂಮಿ ಕಾನೂನಿನ ಬಲವೂ ಇಲ್ಲ. ಕೇಂದ್ರದ 2017ರ ಜೌಗುಭೂಮಿ ನಿಯಮಗಳು, ಕುಡಿಯುವ ನೀರಿಗೆಂದೋ ನೀರಾವರಿಗೆಂದೋ ನಿರ್ದಿಷ್ಟವಾಗಿ ಮನುಷ್ಯರು ಕಟ್ಟಿದ ಜಲಾಶಯಗಳನ್ನು ವ್ಯಾಖ್ಯಾನದಿಂದಲೇ ಹೊರಗಿಟ್ಟಿವೆ. ‘ನಿರ್ದಿಷ್ಟವಾಗಿ’ ಎಂಬ ಆ ಒಂದು ಮಾತು ಕೆರೆಯನ್ನೇ ಅರಿಯದ್ದು. ಯಾವ ಕೆರೆ ಬರೀ ನೀರಾವರಿಗಿದೆ? ದನ ಮೈ ತೊಳೆಯುತ್ತವೆ, ಮೀನು ಬೆಳೆಯುತ್ತದೆ, ತಳದ ಜಿನುಗು ಏರಿಯ ಕೆಳಗಿನ ಬಾವಿಗೆ ಇಳಿಯುತ್ತದೆ, ಅಂಚಿನ ಜೊಂಡಿನಲ್ಲಿ ಹಕ್ಕಿ ಮರಿ ಮಾಡುತ್ತದೆ. ಜೌಗುಭೂಮಿ ಎಂದರೆ ಇನ್ನೇನು?

ಕರಾವಳಿಯ ಕಾಂಡ್ಲಾ ಕಾಡಿಗೆ, ಅಳಿವೆಗಳಿಗೆ ದನಿ ಎತ್ತುವ ಪರಿಸರ ಬರಹಗಾರರಲ್ಲಿ ಕೆಲವರೂ ಇಲ್ಲಿ ತಪ್ಪುತ್ತಾರೆ. ಕಟ್ಟಿದ ಕೆರೆ ಪ್ರಕೃತಿಯಲ್ಲ ಎಂಬುದು ಅವರ ವಾದ. ಅದು ನಿಲ್ಲುವುದಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಯ ಜೊತೆಗೇ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ನೀರಾವರಿಗೆ ಕಟ್ಟಿದವೇ. ಒಂದಕ್ಕೆ ಹೆಬ್ಬಾತು ಬರುತ್ತವೆ, ಇನ್ನೊಂದರಲ್ಲಿ ಕೊಕ್ಕರೆ ಗೂಡು ಕಟ್ಟುತ್ತವೆ. ಪಟ್ಟಿ ಸೇರಿದ್ದರಿಂದ ಅವಕ್ಕೆ ಜೌಗುಭೂಮಿ ನಿಯಮಗಳ ರಕ್ಷಣೆ ಸಿಕ್ಕಿತು. ಅದೇ ಜಾತಿಯ ನೂರಾರು ಕೆರೆಗಳಿಗೆ ಇಲ್ಲ.

ದೋರಸಮುದ್ರಕ್ಕೆ, ಬೇಲೂರಿನ ವಿಷ್ಣುಸಮುದ್ರಕ್ಕೆ, ಅರಸೀಕೆರೆಯ ಕಂತೇನಹಳ್ಳಿ ಕೆರೆಗೆ ಆ ರಕ್ಷಣೆ ಸಿಗಬೇಕಾದರೆ ನೀರಾವರಿ ಕೆರೆಗಳನ್ನು ಹೊರಗಿಡುವ ಆ ಸಾಲು ನಿಯಮದಿಂದ ಹೋಗಬೇಕು.